ಬೌದ್ಧಿಕ ನ್ಯೂನತೆ ಇರುವವರ ಉದ್ಯೋಗಕ್ಕೆ ಬಂಡವಾಳ: ಸಾಲವೇ, ಸಿಎಸ್‌ಆರ್ ಹಣವೇ, ಕಂಪನಿಯ ಸಂಬಳವೇ?

ವಿಶೇಷ ಶಾಲೆಯ ನಂಟು ಹದಿನೆಂಟರ ಆಸುಪಾಸಿನಲ್ಲಿ ಮುಗಿಯುತ್ತದೆ. ಡೌನ್ ಸಿಂಡ್ರೋಮ್, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬೌದ್ಧಿಕ ನ್ಯೂನತೆ ಇರುವ ಯುವಕ ಯುವತಿಯರು ಆಮೇಲೆ ಮನೆಯಲ್ಲಿ ಉಳಿಯುತ್ತಾರೆ. ನಾಲ್ಕಾರು ತಂದೆ ತಾಯಂದಿರು ಸೇರಿ ‘ನಾವೇ ಏನಾದರೂ ಶುರು ಮಾಡೋಣ’ ಎನ್ನುತ್ತಾರೆ. ಎರಡನೆಯ ಸಭೆಯ ಹೊತ್ತಿಗೆ ಮಾತು ದುಡ್ಡಿಗೆ ಬಂದು ನಿಲ್ಲುತ್ತದೆ. ಒಬ್ಬರು ಬ್ಯಾಂಕ್ ಸಾಲ ಎನ್ನುತ್ತಾರೆ, ಇನ್ನೊಬ್ಬರು ಪರಿಚಯದ ಕಂಪನಿಯ ಸಿಎಸ್‌ಆರ್ (ಕಂಪನಿಗಳು ಸಾಮಾಜಿಕ ಹೊಣೆಯಾಗಿ ಖರ್ಚು ಮಾಡುವ ಹಣ) ಎನ್ನುತ್ತಾರೆ, ಮತ್ತೊಬ್ಬರು ಅಮೆರಿಕದಲ್ಲಿರುವ ಭಾವನನ್ನು ನೆನಪಿಸಿಕೊಳ್ಳುತ್ತಾರೆ. ಈ ಬರಹ ಕರ್ನಾಟಕದ ಅಂಥ ಪೋಷಕರಿಗೆ, ಸಣ್ಣ ಟ್ರಸ್ಟ್‌ಗಳಿಗೆ.

ಯಾವ ಮೂಲದ ಹಣ ಒಳ್ಳೆಯದು ಎಂದು ಕೇಳುವ ಮೊದಲು ಯಾವ ಖರ್ಚಿಗೆ ಹಣ ಬೇಕು ಎಂದು ಕೇಳಿಕೊಳ್ಳಬೇಕು. ಒಂದೊಂದು ಮೂಲದ ಹಣವೂ ಒಂದೊಂದು ಬಗೆಯ ಖರ್ಚಿಗಷ್ಟೇ ಒಗ್ಗುತ್ತದೆ.

ಖರ್ಚು ಎಲ್ಲಿ ಅಡಗಿದೆ

ಅಡಿಕೆ ಹಾಳೆ ತಟ್ಟೆಯ ಘಟಕವನ್ನೇ ತೆಗೆದುಕೊಳ್ಳಿ. ಹಾಳೆಯನ್ನು ನೀರಿನಲ್ಲಿ ನೆನೆಸಬೇಕು, ಉಜ್ಜಿ ತೊಳೆಯಬೇಕು, ನೀರು ಸೋರಿಸಬೇಕು, ಬಿಸಿ ಅಚ್ಚಿನಲ್ಲಿ ಒತ್ತಬೇಕು, ಅಂಚು ಕತ್ತರಿಸಬೇಕು, 25ರಂತೆ ಎಣಿಸಿ ಕಟ್ಟಬೇಕು. ಬಿಸಿ ಅಚ್ಚಿನ ಕೆಲಸ ಎಲ್ಲರಿಗೂ ಆಗುವಂಥದ್ದಲ್ಲ. ಉಳಿದವನ್ನು ಬಿಡಿಬಿಡಿಯಾಗಿ ಹಂಚಿದರೆ ಹೆಚ್ಚಿನವರು ಮಾಡಬಲ್ಲರು. ಒಬ್ಬ ಹುಡುಗನಿಗೆ ಹತ್ತರಾಚೆ ಎಣಿಸಲು ಬರುವುದಿಲ್ಲ ಎಂದುಕೊಳ್ಳೋಣ. ಹಲಗೆಯೊಂದಕ್ಕೆ ಎರಡು ಗೂಟ ನಿಲ್ಲಿಸಿ, 25 ತಟ್ಟೆಗಳ ಎತ್ತರಕ್ಕೆ ಕೆಂಪು ಪಟ್ಟಿ ಅಂಟಿಸಿದರೆ ಮುಗಿಯಿತು. ತಟ್ಟೆಗಳ ಸಾಲು ಕೆಂಪು ಮುಟ್ಟಿದ ಕೂಡಲೇ ಅವನು ಕಟ್ಟು ಹಾಕುತ್ತಾನೆ. ಎಣಿಕೆ ಗೊತ್ತಿರಬೇಕಾದ ಅಗತ್ಯವೇ ಇಲ್ಲ.

ಆ ಹಲಗೆಗೆ ನೂರು ರೂಪಾಯಿಯೂ ಆಗದು. ಆದರೆ ಅವನ ಪಕ್ಕದಲ್ಲಿ ಕುಳಿತು, ಎಲ್ಲಿ ತಡವರಿಸುತ್ತಾನೆ ಎಂದು ಗಮನಿಸಿ, ಆ ಹಲಗೆಯನ್ನು ಯೋಚಿಸಿದವರಿಗೆ ತಿಂಗಳ ಸಂಬಳ ಕೊಡಬೇಕು. ಈ ಕ್ಷೇತ್ರದಲ್ಲಿ ಅವರನ್ನು ಜಾಬ್ ಕೋಚ್ ಎನ್ನುತ್ತಾರೆ. ವಿಶೇಷ ಶಿಕ್ಷಣದ ತರಬೇತಿ ಆದವರಿರಬಹುದು, ತಾಳ್ಮೆಯುಳ್ಳ ಊರಿನ ಹೆಣ್ಣುಮಗಳೇ ಇರಬಹುದು.

ಲೆಕ್ಕಕ್ಕೆಂದು ಒಂದು ಅಂಕಿ ಇಟ್ಟುಕೊಳ್ಳೋಣ. ಎಂಟು ಜನರ ಘಟಕಕ್ಕೆ ಯಂತ್ರ, ವೈರಿಂಗ್, ಶೀಟಿನ ಚಾವಣಿ ಎಲ್ಲ ಸೇರಿ ಒಂದು ಸಲಕ್ಕೆ 4 ಲಕ್ಷ ರೂಪಾಯಿ. ಜಾಬ್ ಕೋಚ್‌ಗೆ ತಿಂಗಳಿಗೆ 18 ಸಾವಿರವಾದರೆ ವರ್ಷಕ್ಕೆ 2.16 ಲಕ್ಷ, ಎರಡು ವರ್ಷಕ್ಕೆ 4.32 ಲಕ್ಷ. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಮನುಷ್ಯರ ಖರ್ಚು ಯಂತ್ರದ ಖರ್ಚನ್ನು ದಾಟಿರುತ್ತದೆ. ಹಣ ಕೊಡುವವರು ಮಾತ್ರ ಯಂತ್ರವನ್ನೇ ಬಯಸುತ್ತಾರೆ, ಏಕೆಂದರೆ ಅದರ ಮೇಲೆ ಹೆಸರಿನ ಫಲಕ ಹೊಡೆಯಬಹುದು. ಬೀಗ ಬಿದ್ದ ತರಬೇತಿ ಕೇಂದ್ರಗಳ ಮೂಲೆಯಲ್ಲಿ ಫಲಕ ಹೊತ್ತ ಹೊಲಿಗೆ ಯಂತ್ರಗಳು ಧೂಳು ತಿನ್ನುವುದು ಹೀಗೆಯೇ.

ಹಾಗಾಗಿ ಕೆಳಗಿನ ಪ್ರತಿ ಆಯ್ಕೆಗೂ ನಾನು ಒಂದೇ ಪ್ರಶ್ನೆ ಹಾಕಿದ್ದೇನೆ: ಜೊತೆಗೆ ನಿಲ್ಲುವವರ ಸಂಬಳವನ್ನು ಈ ಹಣ ಕೊಡುತ್ತದೆಯೇ, ಕೊಟ್ಟರೆ ಎಷ್ಟು ಕಾಲ?

ಸಾಲ ಮತ್ತು ಸಹಾಯಧನ

ಅಂಗವಿಕಲರಿಗೆಂದೇ ಇರುವ ಕೇಂದ್ರ ಸಂಸ್ಥೆ ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ಮತ್ತು ಅಭಿವೃದ್ಧಿ ನಿಗಮ. 1997ರಲ್ಲಿ ಆರಂಭವಾದ ಇದು ಬಹುಕಾಲ ಎನ್‌ಎಚ್‌ಎಫ್‌ಡಿಸಿ ಎಂಬ ಹೆಸರಿನಲ್ಲಿತ್ತು. ಹಳಬರು ಇವತ್ತಿಗೂ ಹಾಗೆಯೇ ಕರೆಯುತ್ತಾರೆ. ನಿಗಮ ನೇರವಾಗಿ ಕೊಡದೆ ರಾಜ್ಯದ ಏಜೆನ್ಸಿ ಮತ್ತು ಬ್ಯಾಂಕುಗಳ ಮೂಲಕ ಸಾಲ ಕೊಡುತ್ತದೆ. ಅಂಗವೈಕಲ್ಯ ಶೇ 40 ಅಥವಾ ಹೆಚ್ಚಿರಬೇಕು. ಸಣ್ಣ ಮೊತ್ತಕ್ಕೆ ಬಡ್ಡಿ ಶೇ 5ರಿಂದ ಆರಂಭವಾಗಿ, ಮೊತ್ತ ಬೆಳೆದಂತೆ ಏರುತ್ತದೆ. ಬೌದ್ಧಿಕ ನ್ಯೂನತೆ ಇರುವವರ ಪರವಾಗಿ ತಂದೆ ತಾಯಿ ಅಥವಾ ಕಾನೂನುಬದ್ಧ ಪಾಲಕರು ಸಾಲ ಪಡೆಯಬಹುದು ಎಂಬುದು ನಮ್ಮ ಮಟ್ಟಿಗೆ ಇದರ ದೊಡ್ಡ ಅನುಕೂಲ.

ಇನ್ನೊಂದು, ಎಲ್ಲರಿಗೂ ಪರಿಚಿತವಾದ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆ ಹಾಕಬಹುದು. ಅಂಗವಿಕಲರು ವಿಶೇಷ ವರ್ಗದಲ್ಲಿ ಬರುವುದರಿಂದ ಸ್ವಂತ ಪಾಲು ಶೇ 5 ಸಾಕು. ಸಹಾಯಧನ ಹಳ್ಳಿಯಲ್ಲಿ ಶೇ 35, ನಗರದಲ್ಲಿ ಶೇ 25. ಕೇಳಲು ಹಿತವಾಗಿದೆ. ಆದರೆ ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಅದು ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತು, ಘಟಕ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಯೋಜನೆ ದೊಡ್ಡದಾದರೆ ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತೂ ಇದೆ. ವಿಶೇಷ ಶಾಲೆಯಿಂದ ಬಂದವರಲ್ಲಿ ಅನೇಕರ ಕಥೆ ಅಲ್ಲೇ ಮುಗಿಯುತ್ತದೆ.

ಚಪಾತಿ, ಹಪ್ಪಳ, ಚಟ್ನಿಪುಡಿ, ರಾಗಿ ಮಾಲ್ಟ್ ಮಾಡುವ ಯೋಚನೆ ಇದ್ದರೆ ಕಿರು ಆಹಾರ ಸಂಸ್ಕರಣಾ ಘಟಕಗಳ ಪಿಎಂಎಫ್‌ಎಂಇ ಯೋಜನೆಯನ್ನು ಮೊದಲು ನೋಡಿ. ಕೇಂದ್ರದ ಶೇ 35ರ ಜೊತೆಗೆ ಕರ್ನಾಟಕ ಶೇ 15 ಸೇರಿಸಿ, ಗರಿಷ್ಠ 15 ಲಕ್ಷದವರೆಗೆ ಸಹಾಯಧನ ಕೊಟ್ಟಿದೆ. ಇದು ಕಾಲಮಿತಿಯ ಯೋಜನೆ. ಅರ್ಜಿ ಇನ್ನೂ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಜಿಲ್ಲಾ ಕೃಷಿ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ತಾಯಿಯ ಹೆಸರಿನಲ್ಲೋ ಸ್ವಸಹಾಯ ಸಂಘದ ಹೆಸರಿನಲ್ಲೋ ಘಟಕ ಹಾಕಿ, ಮಕ್ಕಳನ್ನು ಕೆಲಸಗಾರರಾಗಿ ಸೇರಿಸಿಕೊಳ್ಳುವುದು ಇಲ್ಲಿ ಸಲೀಸಾದ ದಾರಿ. ಗ್ರಾಮೀಣ ಜೀವನೋಪಾಯ ಅಭಿಯಾನದಡಿ ಅಂಗವಿಕಲರ ಸಂಘಕ್ಕೆ ಐದು ಸದಸ್ಯರಿದ್ದರೂ ಸಾಕು.

ಇವುಗಳಲ್ಲಿ ಯಾವುದೂ ಜಾಬ್ ಕೋಚ್ ಸಂಬಳ ಕೊಡುವುದಿಲ್ಲ. ಕೊಡುವುದಿರಲಿ, ಆರಂಭದ ವಿನಾಯಿತಿ ಅವಧಿ ಮುಗಿದ ಮರು ತಿಂಗಳೇ ಕಂತು ಕೇಳುತ್ತವೆ. ನಮ್ಮ ಮಕ್ಕಳ ಕೈ ಪಳಗುವುದು ನಿಧಾನ. ಬಡ್ಡಿಗೆ ಆ ನಿಧಾನ ಗೊತ್ತಿಲ್ಲ. ನನ್ನ ಅಭಿಪ್ರಾಯ ಖಡಾಖಂಡಿತ: ಕುಟುಂಬಕ್ಕೆ ಈಗಾಗಲೇ ಅಂಗಡಿ, ಹೋಟೆಲ್, ಹಿಟ್ಟಿನ ಗಿರಣಿ, ನರ್ಸರಿ ಏನಾದರೂ ನಡೆಯುತ್ತಿದ್ದರೆ ಅದನ್ನು ವಿಸ್ತರಿಸಲು ಸಾಲ ಮಾಡಿ. ಅಲ್ಲಿ ಅಪ್ಪನೋ ಅಕ್ಕನೋ ಸಂಬಳವಿಲ್ಲದ ಜಾಬ್ ಕೋಚ್ ಆಗಿ ಹೇಗೂ ಇರುತ್ತಾರೆ. ಹೊಸಬರು ಹತ್ತು ಜನ ಸೇರಿ, ಹೊಸ ಸರಕನ್ನು, ಗೊತ್ತಿಲ್ಲದ ಮಾರುಕಟ್ಟೆಗೆ ಸಾಲದ ಮೇಲೆ ತರಲು ಹೊರಟರೆ ಕೈ ಸುಟ್ಟುಕೊಳ್ಳುವುದು ಖಂಡಿತ.

ಬ್ಯಾಂಕಿನಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಸಹಿ ಯಾರು ಹಾಕುತ್ತಾರೆ?’ ಎಂಬುದು. ಕರಾರು ಕಾಯ್ದೆಯ ‘ಸ್ವಸ್ಥ ಮನಸ್ಸು’ ಎಂಬ ಷರತ್ತನ್ನು ಹಿಡಿದು ಮ್ಯಾನೇಜರು ಹಿಂಜರಿಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಾನೂನಿನ ಮುಂದೆ ಸಮಾನ ಸಾಮರ್ಥ್ಯವನ್ನು ಒಪ್ಪಿಕೊಂಡಿದೆ, ಅದನ್ನು ತೋರಿಸಿ ವಾದಿಸಬಹುದು. ಆದರೂ ಕೆಲಸ ಆಗಬೇಕಾದರೆ ಬಹುಪಾಲು ಜನರಿಗೆ ಬೇಕಾಗುವುದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸಿಗುವ ಪಾಲಕತ್ವ ಪ್ರಮಾಣಪತ್ರ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ಅಂಗವೈಕಲ್ಯ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಇದನ್ನು ಕೊಡುತ್ತದೆ, ನ್ಯಾಯಾಲಯ ಹತ್ತಬೇಕಿಲ್ಲ. ಹದಿನೆಂಟು ತುಂಬಿದ ಮೇಲೆ ತಂದೆ ತಾಯಿ ಎಂಬ ಕಾರಣಕ್ಕೇ ಪಾಲಕತ್ವ ಮುಂದುವರಿಯುವುದಿಲ್ಲ ಎಂಬುದು ಅನೇಕರಿಗೆ ತಿಳಿಯುವುದು ಬ್ಯಾಂಕಿನ ಮೇಜಿನ ಮುಂದೆಯೇ.

ಸಿಎಸ್‌ಆರ್

ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದರ ಏಳನೇ ಪರಿಶಿಷ್ಟದಲ್ಲಿ ವಿಶೇಷ ಶಿಕ್ಷಣ, ಅಂಗವಿಕಲರ ಉದ್ಯೋಗ ಕೌಶಲ ಮತ್ತು ಜೀವನೋಪಾಯ ಸ್ಪಷ್ಟವಾಗಿ ಇವೆ. ಬೆಂಗಳೂರು ಮಾತ್ರವಲ್ಲ, ಬಳ್ಳಾರಿ, ಮಂಗಳೂರು, ಬೆಳಗಾವಿ, ಹೊಸಪೇಟೆ ಸುತ್ತಲಿನ ಕಾರ್ಖಾನೆಗಳಿಗೂ ಈ ಬಾಧ್ಯತೆ ಇದೆ.

ಜಾಬ್ ಕೋಚ್ ಸಂಬಳವನ್ನು ಕಾನೂನಿನ ಅಡ್ಡಿಯಿಲ್ಲದೆ ಕೊಡಬಲ್ಲ ಹಣ ಇದು. ಆದರೆ ಪೋಷಕರು ಇದನ್ನು ಕೇಳುವುದೇ ಇಲ್ಲ. ಯಂತ್ರದ ಕೊಟೇಶನ್ ಹಿಡಿದು ಹೋಗುತ್ತಾರೆ, ಯಂತ್ರ ಸಿಗುತ್ತದೆ, ಮರಳುತ್ತಾರೆ. ನಿಯಮಗಳು ‘ಮುಂದುವರಿಯುವ ಯೋಜನೆ’ ಎಂಬುದಕ್ಕೆ ಆರಂಭದ ವರ್ಷ ಬಿಟ್ಟು ಇನ್ನೂ ಮೂರು ವರ್ಷದ ಅವಕಾಶ ಕೊಟ್ಟಿವೆ. ಅಂದರೆ ಒಂದೇ ಪ್ರಸ್ತಾವದಲ್ಲಿ ಸುಮಾರು ನಾಲ್ಕು ವರ್ಷದ ಸಂಬಳ ಕೇಳಬಹುದು. ಮೊದಲ ವರ್ಷ ಪೂರ್ತಿ, ಎರಡನೆಯ ವರ್ಷ ಮುಕ್ಕಾಲು, ಹೀಗೆ ಇಳಿಯುತ್ತಾ ಬರುವ ಲೆಕ್ಕ ಕೊಟ್ಟರೆ ಎದುರಿನವರಿಗೂ ಇದು ಕೊನೆಯಿಲ್ಲದ ಹೊರೆಯಲ್ಲ ಎಂದು ಕಾಣುತ್ತದೆ.

ತೊಡಕುಗಳೂ ಇವೆ. ನೋಂದಾಯಿತ ಸಂಸ್ಥೆ, ತೆರಿಗೆ ಇಲಾಖೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿ, ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳಿಗೆ 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಬೇಕು. ನಿನ್ನೆ ಹುಟ್ಟಿದ ಟ್ರಸ್ಟ್‌ಗೆ ಇದು ಆಗದ ಮಾತು. ಆಗ ಇವೆಲ್ಲ ಇರುವ ಹಳೆಯ ಸಂಸ್ಥೆಯ ನೆರಳಿನಲ್ಲಿ ಯೋಜನೆ ಹಾಕುವುದು ಜಾಣತನ. ಯಂತ್ರ ಯಾರದ್ದು ಎಂಬ ಪ್ರಶ್ನೆಯನ್ನೂ ಮೊದಲೇ ಬಗೆಹರಿಸಿಕೊಳ್ಳಿ: ಸಿಎಸ್‌ಆರ್ ಹಣದ ಆಸ್ತಿಯನ್ನು ಕಂಪನಿ ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ, ಆದರೆ ಫಲಾನುಭವಿಗಳ ಸ್ವಸಹಾಯ ಸಂಘದ ಹೆಸರಿನಲ್ಲಿ ಇಡಬಹುದು. ನೆರಳು ಕೊಟ್ಟ ಸಂಸ್ಥೆಯ ಜೊತೆ ನಾಳೆ ಮನಸ್ತಾಪವಾದರೆ ಯಂತ್ರ ನಿಮ್ಮಲ್ಲೇ ಉಳಿಯುತ್ತದೆ. ಟ್ರಸ್ಟ್ ತಾನೇ ಸರಕು ಮಾರುವುದಾದರೆ ವ್ಯಾಪಾರಕ್ಕೆ ಪ್ರತ್ಯೇಕ ಲೆಕ್ಕಪುಸ್ತಕ ಬೇಕು. ಇದನ್ನು ಲೆಕ್ಕಪರಿಶೋಧಕರ ಹತ್ತಿರ ಆರಂಭದಲ್ಲೇ ಮಾತಾಡಿ.

ಇನ್ನೊಂದು ಮಾತು. ದೀಪಾವಳಿಗೆ ಹಣತೆ, ಮೇಣದಬತ್ತಿ, ಕಾಗದದ ಚೀಲವನ್ನು ಕಂಪನಿಗಳು ಪ್ರೀತಿಯಿಂದ ಕೊಳ್ಳುತ್ತವೆ. ಅದನ್ನು ನೋಡಿ ಮೇಣದಬತ್ತಿ ಘಟಕ ಹಾಕಬೇಡಿ. ಹಬ್ಬದ ಆಚೆ ಉಳಿದ ಹತ್ತು ತಿಂಗಳು ಎಂಟು ಜನ ಏನು ಮಾಡಬೇಕು?

ಕಂಪನಿಯ ಸಂಬಳಪಟ್ಟಿಯಲ್ಲೇ ಹೆಸರು

ಇಲ್ಲಿ ಘಟಕವೇ ಬೇಕಿಲ್ಲ. ಹೋಟೆಲ್, ಸೂಪರ್ ಮಾರ್ಕೆಟ್, ಆಸ್ಪತ್ರೆಯ ಲಾಂಡ್ರಿ, ಸಾಫ್ಟ್‌ವೇರ್ ಕಚೇರಿ ನೇರವಾಗಿ ಕೆಲಸ ಕೊಡುತ್ತವೆ. ಲೆಮನ್ ಟ್ರೀ ಹೋಟೆಲ್‌ಗಳಲ್ಲಿ ಡೌನ್ ಸಿಂಡ್ರೋಮ್ ಇರುವವರು ಕೆಲಸ ಮಾಡುತ್ತಾರೆ. ಎಸ್‌ಎಪಿ ಕಂಪನಿ ಆಟಿಸಂ ಇರುವವರ ನೇಮಕಾತಿಯನ್ನು 2013ರಲ್ಲಿ ಜಗತ್ತಿನಾದ್ಯಂತ ಘೋಷಿಸುವ ಮೊದಲೇ ಬೆಂಗಳೂರಿನಲ್ಲಿ ಅದರ ಪ್ರಯೋಗ ನಡೆದಿತ್ತು. ಅಭ್ಯರ್ಥಿಯನ್ನು ಸಿದ್ಧಪಡಿಸಿ ಕಂಪನಿಗೆ ಸೇರಿಸುವ ಕೆಲಸವನ್ನು ಬೆಂಗಳೂರಿನ ಎನೇಬಲ್ ಇಂಡಿಯಾ 1999ರಿಂದ ಮಾಡುತ್ತಿದೆ.

ಸರ್ಕಾರ ಇದಕ್ಕೆ ಏನು ಕೊಡುತ್ತದೆ? 2008ರ ಏಪ್ರಿಲ್‌ನಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ, ತಿಂಗಳಿಗೆ 25 ಸಾವಿರದವರೆಗೆ ಸಂಬಳ ಪಡೆಯುವ ಅಂಗವಿಕಲ ನೌಕರರ ಭವಿಷ್ಯನಿಧಿ ಮತ್ತು ಇಎಸ್‌ಐಗೆ (ಕಾರ್ಮಿಕರ ರಾಜ್ಯ ವಿಮೆ) ಮಾಲೀಕರು ಕಟ್ಟಬೇಕಾದ ಪಾಲನ್ನು ಮೊದಲ ಮೂರು ವರ್ಷ ಸರ್ಕಾರವೇ ತುಂಬುವುದಾಗಿ ಹೇಳಿತ್ತು. ಸಂಬಳ 15 ಸಾವಿರ ಎಂದಿಟ್ಟುಕೊಂಡರೆ ಶೇ 12ರಂತೆ ಭವಿಷ್ಯನಿಧಿ 1,800, ಶೇ 3.25ರಂತೆ ಇಎಸ್‌ಐ ಸುಮಾರು 488. ಒಟ್ಟು ತಿಂಗಳಿಗೆ 2,300 ರೂಪಾಯಿಯೂ ಆಗುವುದಿಲ್ಲ. ಇಷ್ಟಕ್ಕೆ ಯಾವ ಮಾಲೀಕ ಮನಸ್ಸು ಬದಲಿಸಿಯಾನು? ಮಾನವ ಸಂಪನ್ಮೂಲ ಅಧಿಕಾರಿಯ ನಿಜವಾದ ಅಂಜಿಕೆ ಬೇರೆ: ಆ ಹೊಸ ನೌಕರ ಒಂದು ದಿನ ಗಲಿಬಿಲಿಗೊಂಡು ಕೂಗಿದರೆ ಯಾರನ್ನು ಕರೆಯಲಿ? ಆ ಪ್ರಶ್ನೆಗೆ ಉತ್ತರ ಮತ್ತೆ ಜಾಬ್ ಕೋಚ್. ಮೊದಲ ಕೆಲವು ವಾರ ದಿನವಿಡೀ ಜೊತೆಗಿದ್ದು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಫೋನಿಗೆ ಸಿಗುವವರು. ಹೀಗೆ ಕಡಿಮೆಯಾಗುತ್ತಾ ಹೋಗುವುದರಿಂದ ಒಬ್ಬರೇ ವರ್ಷದಲ್ಲಿ ಹಲವರನ್ನು ಕೆಲಸಕ್ಕೆ ಹಚ್ಚಬಹುದು. ತಲೆಗೆ ಬೀಳುವ ಖರ್ಚು ನೋಡಿದರೆ ಎಲ್ಲಕ್ಕಿಂತ ಅಗ್ಗದ ದಾರಿ ಇದು.

ಒಂದು ಎಚ್ಚರಿಕೆ: ಕಂಪನಿ ತನ್ನ ನೌಕರರಿಗೆ ಮಾಡುವ ಖರ್ಚನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಾಕುವಂತಿಲ್ಲ. ಸಂಬಳ ಕಂಪನಿಯ ಖಜಾನೆಯಿಂದ, ಜಾಬ್ ಕೋಚ್ ಬೇರೆ ಸಂಸ್ಥೆಯ ಪಟ್ಟಿಯಿಂದ ಎಂದು ಮೊದಲೇ ಬೇರ್ಪಡಿಸಿಡಿ.

ಎಲ್ಲರಿಗೂ ಈ ದಾರಿ ಹೊಂದುವುದಿಲ್ಲ. ಗದ್ದಲ ತಾಳದವರು, ನಾಲ್ಕು ಗಂಟೆಗಿಂತ ಹೆಚ್ಚು ಕೂರಲಾಗದವರು, ಬಸ್ ಹತ್ತಿಸಲು ಜನ ಬೇಕಾದವರು ಇರುತ್ತಾರೆ. ಕಂಪನಿಗೂ ಸ್ವಂತ ಘಟಕಕ್ಕೂ ನಡುವಿನ ದಾರಿಯೊಂದನ್ನು ಹುಬ್ಬಳ್ಳಿ ತೋರಿಸಿದೆ. ಅಲೀನಾ ಆಲಂ 2017ರಲ್ಲಿ ಅಲ್ಲಿನ ಕಾಲೇಜು ಆವರಣದಲ್ಲಿ ಆರಂಭಿಸಿದ ಮಿಟ್ಟಿ ಕೆಫೆ, ಇಂದು ಕಂಪನಿ ಕಚೇರಿಗಳಲ್ಲಿ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, 2023ರ ನವೆಂಬರ್‌ನಿಂದ ಸುಪ್ರೀಂ ಕೋರ್ಟ್ ಆವರಣದಲ್ಲಿ ಕೂಡ ಇದೆ. ಕೆಫೆ ನಡೆಸುವವರು ಅಂಗವಿಕಲರು, ಬೌದ್ಧಿಕ ನ್ಯೂನತೆ ಇರುವವರೂ ಸೇರಿದಂತೆ. ಗಿರಾಕಿಗಳು ಆಗಲೇ ಓಡಾಡುತ್ತಿರುವ ಜಾಗದೊಳಗೆ ಅಂಗಡಿ ಇಡುವುದು ಇಲ್ಲಿನ ಗುಟ್ಟು. ನಿಮ್ಮ ಊರಿನ ಕಾಲೇಜು, ಜಿಲ್ಲಾಸ್ಪತ್ರೆ, ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಹತ್ತಡಿ ಜಾಗ ಸಿಕ್ಕರೆ ಅದು ಲಕ್ಷಗಟ್ಟಲೆ ದೇಣಿಗೆಗೆ ಸಮ. ಅರ್ಜಿಯಲ್ಲಿ 2016ರ ಕಾಯ್ದೆಯ 37ನೇ ಕಲಂ ಉಲ್ಲೇಖಿಸಿ. ಅಂಗವಿಕಲರ ಉದ್ಯಮ ಮತ್ತು ಉತ್ಪಾದನಾ ಕೇಂದ್ರಗಳಿಗೆ ರಿಯಾಯಿತಿ ದರದ ಭೂಮಿ ಹಂಚಿಕೆಯಲ್ಲಿ ಶೇ 5 ಮೀಸಲಾತಿಯನ್ನು ಅದು ಹೇಳುತ್ತದೆ.

ದೇಣಿಗೆ, ಆನ್‌ಲೈನ್ ಸಂಗ್ರಹ, ವಿದೇಶದ ಹಣ

ಆನ್‌ಲೈನ್ ಸಂಗ್ರಹ ಒಂದು ಸಲದ ಖರ್ಚಿಗೆ ಸರಿ: ಓವನ್, ತಳ್ಳುಗಾಡಿ, ವ್ಯಾನಿನ ಮುಂಗಡ. ತಿಂಗಳ ಸಂಬಳಕ್ಕೆ ಇದನ್ನು ನೆಚ್ಚಬೇಡಿ. ಎರಡನೆಯ ಸಲಕ್ಕೆ ಅದೇ ಬಂಧುಗಳು ಫೋನ್ ಎತ್ತುವುದಿಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ 80ಜಿ ರಸೀದಿಯಿಂದ ಲಾಭವಿಲ್ಲದ ಕಾರಣ ಮಾರ್ಚ್ ತಿಂಗಳ ದಾನಿಗಳೂ ಕಡಿಮೆಯಾಗುತ್ತಾರೆ.

ಅಮೆರಿಕದ ಭಾವನ ವಿಷಯ. ಅವರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ, ಬ್ಯಾಂಕ್ ಮೂಲಕ ತಮ್ಮ ಉಳಿತಾಯದಿಂದ ಕೊಟ್ಟ ಹಣ ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಟ್ರಸ್ಟ್ ಒಂದು ಡಾಲರನ್ನೂ ಮುಟ್ಟುವಂತಿಲ್ಲ. ಕನ್ನಡ ಕೂಟಗಳಿಂದ ಬರುವ ಹಣಕ್ಕೂ ಇದೇ ನಿಯಮ. ಸಮಾಜಸೇವಾ ಸಂಸ್ಥೆಗಳು ಷೇರುಪೇಟೆಯ ಮೂಲಕ ಹಣ ಎತ್ತುವ ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಹೊಸ ಬಾಗಿಲೂ ತೆರೆದಿದೆ, ಆದರೆ ಅದು ವರ್ಷಕ್ಕೆ ಕನಿಷ್ಠ 50 ಲಕ್ಷ ಖರ್ಚು ಮಾಡುವ ಸಂಸ್ಥೆಗಳಿಗೆ. ಸದ್ಯಕ್ಕೆ ಬಿಟ್ಟುಬಿಡಿ.

ಸಂಬಳ ಬಂದರೆ ಪಿಂಚಣಿ ಹೋಗುತ್ತದೆಯೇ?

ಒಳ್ಳೆಯ ಕೆಲಸ ಸಿಕ್ಕರೂ ಪೋಷಕರು ಹಿಂದೆ ಸರಿಯುವುದು ಈ ಭಯದಿಂದ. ಅದನ್ನು ಅತಿಯಾಸೆ ಎಂದು ಜರೆಯುವುದು ತಪ್ಪು. ತಾವು ಹೋದ ಮೇಲಿನ ಆಸರೆ ಅದು. ರಾಜ್ಯದ ಮಾಸಾಶನಕ್ಕೆ ಆದಾಯ ಮಿತಿ ಇದೆ, ಆದ್ದರಿಂದ ಕೆಲಸ ಒಪ್ಪುವ ಮುಂಚೆ ನಾಡಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ತಂದೆ ಅಥವಾ ತಾಯಿ ಕೇಂದ್ರ ಸರ್ಕಾರಿ ನೌಕರರಾಗಿದ್ದರೆ ಭಯ ಸ್ವಲ್ಪ ಇಳಿಸಿಕೊಳ್ಳಬಹುದು: 2021ರ ಬದಲಾವಣೆಯಂತೆ, ಮಗ ಅಥವಾ ಮಗಳ ಬೇರೆ ಆದಾಯ ಸಾಮಾನ್ಯ ದರದ ಕುಟುಂಬ ಪಿಂಚಣಿಗಿಂತ, ಅಂದರೆ ಕೊನೆಯ ವೇತನದ ಶೇ 30 ಮತ್ತು ಅದರ ತುಟ್ಟಿಪರಿಹಾರಕ್ಕಿಂತ, ಕಡಿಮೆ ಇದ್ದರೆ ಜೀವನಪೂರ್ತಿ ಕುಟುಂಬ ಪಿಂಚಣಿಗೆ ಅರ್ಹತೆ ಇರುತ್ತದೆ. ಅರೆಕಾಲಿಕ ಕೆಲಸದ ಸಂಬಳ ಆ ಗಡಿ ದಾಟುವುದು ಅಪರೂಪ.

ಯಾರಿಗೆ ಯಾವುದು

ಹಳ್ಳಿಯಲ್ಲಿ ಒಂದೇ ಕುಟುಂಬ, ಒಬ್ಬ ಮಗ ಅಥವಾ ಮಗಳು ಎಂದಾದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ), ಪಾಲಕತ್ವ ಪ್ರಮಾಣಪತ್ರ ಮಾಡಿಸಿಕೊಂಡು ಸಣ್ಣ ಸಾಲಕ್ಕೆ ಹೋಗಿ. ರಾಜ್ಯದ ಅಂಗವಿಕಲರ ಇಲಾಖೆಯ ‘ಆಧಾರ’ ಯೋಜನೆಯೂ ಸ್ವಯಂ ಉದ್ಯೋಗಕ್ಕೇ ಇದೆ. ಈ ವರ್ಷದ ಗುರಿಯಲ್ಲಿ ಜಾಗ ಉಳಿದಿದೆಯೇ ಎಂದು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತಿರುತ್ತದೆ.

ತಾಲ್ಲೂಕು ಕೇಂದ್ರದಲ್ಲಿ ಎಂಟು ಹತ್ತು ಕುಟುಂಬಗಳಿದ್ದರೆ ತಾಯಂದಿರ ಸ್ವಸಹಾಯ ಸಂಘ, ಆಹಾರ ಘಟಕದ ಸಹಾಯಧನ, ಯಾವುದಾದರೂ ಸಂಸ್ಥೆಯ ಆವರಣದಲ್ಲಿ ಮಾರಾಟದ ಜಾಗ. ಜಾಬ್ ಕೋಚ್‌ಗೆ ಮೊದಲ ವರ್ಷ ಕುಟುಂಬಗಳೇ ಪಾಲು ಹಾಕಬೇಕಾಗಬಹುದು. ಒಂಬತ್ತು ಮನೆಗೆ ಹಂಚಿದರೆ 18 ಸಾವಿರ ಎಂಬುದು ತಲಾ 2 ಸಾವಿರ. ಹಗಲು ಪಾಲನಾ ಕೇಂದ್ರಕ್ಕೂ ಅಷ್ಟು ಕಟ್ಟಬೇಕಾಗುತ್ತಿತ್ತು.

ದೊಡ್ಡ ನಗರದಲ್ಲಿ, ಕೆಲವು ವರ್ಷ ನಡೆದ ಟ್ರಸ್ಟ್ ಆದರೆ ಘಟಕದ ಆಸೆ ಬಿಟ್ಟು ಇಬ್ಬರು ಜಾಬ್ ಕೋಚ್‌ಗಳಿಗೆ ಸಿಎಸ್‌ಆರ್ ಹಣ ಕೇಳಿ, ಮಕ್ಕಳನ್ನು ಕಂಪನಿಗಳಿಗೆ ಸೇರಿಸಿ. ಪ್ರಸ್ತಾವವನ್ನು ಏಪ್ರಿಲ್‌ನಿಂದ ಜೂನ್ ಒಳಗೆ ಕೊಡಿ; ಮಾರ್ಚ್‌ನಲ್ಲಿ ಹೋದರೆ ಸಿಗುವುದು ಉಳಿದ ಚಿಲ್ಲರೆಯಲ್ಲಿ ಕೊಂಡ ಯಂತ್ರ. ಬಜೆಟ್ ಪಟ್ಟಿಯಲ್ಲಿ ಸಂಬಳವನ್ನು ಮೊದಲ ಸಾಲಿಗೆ ಹಾಕಿ, ಪೀಠೋಪಕರಣ ಕಂಪ್ಯೂಟರ್‌ಗಳನ್ನು ಕೊನೆಗೆ ಹಾಕಿ. ಕಂಪನಿಯವರ ಕತ್ತರಿ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಬರುತ್ತದೆ.